ರಾಣಿಯ ಪಾರ್ಟು

'ನನಗ ಅಳು ಬರಂಗಿಲ್ಲ' ಎಂದು ಬಾಲಮ್ಮ ತನ್ನೊಳಗೇ ಹೇಳಿಕೊಂಡಳು.

ಎದುರಿಗೆ ರಾಜಕುಮಾರ ನಿಂತಿದ್ದ. ಅಂದರೆ ಖಾಜಾಹುಸೇನ. ತಲೆಗೆ ಅಪ್ಪನ ರುಮಾಲು, ಸೊಂಟಕ್ಕೆ ಜೋಳದ ದಂಟಿನ ಕತ್ತಿ. ಅವನು ಯುದ್ಧಕ್ಕೆ ಹೊರಟಿದ್ದ. ಬಾಲಮ್ಮ ಅವನ ತಾಯಿ, ರಾಣಿ.

ಹೋದ ವರ್ಷದ ತನಕ ದೇವಾಪುರದ ಶಾಲೆಯಲ್ಲಿ ಪಾಠವೆಲ್ಲ ಉರ್ದುವಿನಲ್ಲಿತ್ತು. ನಿಜಾಮರ ಆಳ್ವಿಕೆ ಹೋಗಿ ಈಗ ಕನ್ನಡ ಪುಸ್ತಕ ಬಂದಿತ್ತು. ಮನೆ ಮಾತೇ ಇರುತ್ತದೆ ಎಂದು ಹಿಗ್ಗಿ ತೆರೆದರೆ, ಅದರಲ್ಲಿ ಹಳೆಯ ಕಾವ್ಯ. ಒಂದು ಸಾಲೂ ತಿಳಿಯಲಿಲ್ಲ.

"ಇದರಕಿಂತ ಉರ್ದು ಹಗುರ ಇತ್ತಲ್ರಿ" ಎಂದಿದ್ದ ಖಾಜಾಹುಸೇನ.

ಜಗದೇವಪ್ಪ ಮಾಸ್ತರರು ನಕ್ಕುಬಿಟ್ಟರು. ಮರುದಿನವೇ ಬೆಂಚು ಸರಿಸಿ, ಪದ್ಯವನ್ನು ನಾಟಕ ಮಾಡಿದರು. ಅವರು ಸಾಲು ಬಿಡಿಸಿ ಹೇಳಬೇಕು, ಮಕ್ಕಳು ಆಡಿ ತೋರಿಸಬೇಕು. ರಾಣಿಗೆ ಮಾತಿಲ್ಲ, ಬರೀ ಅತ್ತರೆ ಸಾಕು ಎಂದು, ಕ್ಲಾಸಿನಲ್ಲಿ ಬಾಯಿಯೇ ತೆರೆಯದ ಬಾಲಮ್ಮನಿಗೆ ಆ ಪಾರ್ಟು ಕೊಟ್ಟರು. ಇಷ್ಟು ದಿನ ಆಕೆಯನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ. ಈಗ ಎರಡು ಸಲ ಆಡಿದರೂ ಆಕೆಗೆ ಅಳು ಬಂದಿರಲಿಲ್ಲ.

"ನನಗ ಕೊಡ್ರಿ ಮಾಸ್ತರ" ಎಂದಳು ಹಿಂದೆ ಕುಳಿತ ಅನ್ನಮ್ಮ. "ಕಣ್ಣಿಗಿ ಉಳ್ಳಾಗಡ್ಡಿ ಹಚ್ಕೊಂಡು ಹಳ್ಳಾನೇ ಹರಸ್ತೀನಿ."

ಎಲ್ಲರೂ ನಕ್ಕರು. ಇನ್ನೊಂದೇ ಸಲ ನೋಡೋಣ, ಆಗದಿದ್ದರೆ ಅನ್ನಮ್ಮ ಮಾಡಲಿ ಎಂದರು ಮಾಸ್ತರರು.

ಬಾಲಮ್ಮ ಮುಖ ಮುಚ್ಚಿಕೊಂಡಳು. ಕಣ್ಣೀರು ಬರಲಿಲ್ಲ. ಅವ್ವ ನೆನಪಿಗೆ ಬಂದಳು.

ದೀಪಾವಳಿ ಮುಗಿದ ಮೇಲೆ ಅಣ್ಣ ಹುಲಗಪ್ಪ ಮೊದಲ ಸಲ ಕುರಿ ಹೊಡೆದುಕೊಂಡು, ಮೇವಿಗಾಗಿ ತಿಂಥಣಿ ಹತ್ತಿರ ಹೊಳೆ ದಾಟಿ ಹೋಗಿದ್ದ. ಇನ್ನು ಬರುವುದು ಮಳೆಗಾಲಕ್ಕೇ. ಅವ್ವ ಅವನಿಗೆ ರೊಟ್ಟಿ ಬುತ್ತಿ ಕಟ್ಟಿದಳು. ಗಂಟು ಬಿಚ್ಚಿ ಮತ್ತೆ ಕಟ್ಟಿದಳು. ಕುರಿಗಳ ಧೂಳು ಅಡಗುವ ತನಕ ನಗುತ್ತಲೇ ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಒಲೆ ಊದಿದಳು.

ಒಲೆಯಲ್ಲಿ ಬೆಂಕಿ ಇರಲಿಲ್ಲ.

ಮಾಸ್ತರರು ಪದ್ಯದ ಸಾಲನ್ನು ಮತ್ತೊಮ್ಮೆ ಬಿಡಿಸಿ ಹೇಳಿದರು. ರಾಣಿ ಬುತ್ತಿ ಕಟ್ಟಿ ಮಗನ ಕೈಗೆ ಕೊಟ್ಟಳು. ಅಷ್ಟೇ. ಸಾಲಿನಲ್ಲಿ ಅಳುವಿನ ಸುದ್ದಿಯೇ ಇರಲಿಲ್ಲ.

ಬಾಲಮ್ಮ ಮುಖದಿಂದ ಕೈ ತೆಗೆದಳು. ಬೋರ್ಡು ಒರೆಸುವ ಬಟ್ಟೆಯನ್ನು ಗಂಟು ಕಟ್ಟಿದಳು. ಬಿಚ್ಚಿದಳು. ಮತ್ತೆ ಕಟ್ಟಿ, ಖಾಜಾಹುಸೇನನ ಕೈಗೆ ಕೊಟ್ಟು ಸುಮ್ಮನೆ ನಕ್ಕಳು. ಅವನು ಕತ್ತಿ ಹಿಡಿಯುವುದನ್ನೇ ಮರೆತು ಗಂಟನ್ನು ನೋಡುತ್ತ ನಿಂತ.

"ಅಳು ಎಲ್ಲಿ, ಬಾಲವ್ವ?" ಎಂದು ಮಾಸ್ತರರು ಮೆಲ್ಲಗೆ ಕೇಳಿದರು.

ಬಾಲಮ್ಮ ತಲೆ ಎತ್ತಿ ಹೇಳಿದಳು.

"ಹೋಗೂ ಮಗನ ಮುಂದ ಅವ್ವ ಅಳೂದಿಲ್ರಿ. ಅವ ಹೋದ ಮ್ಯಾಲ ಅಳ್ತಾಳ."