ಕಿಟಕಿ ಮುಚ್ಚಿ ಎಂದ ಬೆಳಿಗ್ಗೆ

"ಅಯ್ಯೋ! ಯಾರ್ರೀ ನೀವು? ನನ್ನ ಕಾಲಡೀಲಿ ಏನ್ ಮಾಡ್ತಿದ್ದೀರಾ?"

ಗುಬ್ಬಿಯ ಕಿರುಚಾಟ ಇಡೀ ಊರಿಗೆ ಕೇಳಿಸಿತು. ಮೈಕು ಆನ್ ಆಗಿಯೇ ಇತ್ತು!

ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವ ಅವಳನ್ನು ಕೇಳುಗರು ಪ್ರೀತಿಯಿಂದ ಗುಬ್ಬಿ ಎನ್ನುತ್ತಿದ್ದರು. ಅವಳ ಮೇಜಿನಡಿಯಿಂದ ವೈರುಗಳ ಗೋಜಲಿನೊಂದಿಗೆ ಎದ್ದವನು ಹೊಸ ಎಂಜಿನಿಯರು. ಏಳುವಾಗ ತಲೆ ಮೇಜಿಗೆ ಬಡಿದು ಠಣ್ ಎಂದಿತು. ಅದೂ ಪ್ರಸಾರವಾಯಿತು.

"ಮೊದಲು ಹಾಡು ಹಾಕಿ..." ಅವನು ತಲೆ ಉಜ್ಜಿಕೊಳ್ಳುತ್ತ ಪಿಸುಗುಟ್ಟಿದ.

ಹಾಡು ಹಾಕಿದವಳೇ ಬಿದ್ದು ಬಿದ್ದು ನಕ್ಕಳು. ಅವನು ಮಾತ್ರ ಅವಳನ್ನೇ ನೋಡುತ್ತ ನಿಂತಿದ್ದ. ಆ ನೋಟಕ್ಕೆ ಅವಳ ನಗು ತಾನಾಗಿ ನಿಂತಿತು...

"ಏನಮ್ಮಾ ಗುಬ್ಬಿ, ಈ ವೈರಪ್ಪ ಬಂದಮೇಲೆ ನಿನ್ನ ದನೀಲಿ ಸಕ್ಕರೆ ಜಾಸ್ತಿಯಾಗಿದೆ!" ಎಂದು ವಾರ್ತೆ ಓದುವ ಹಿರಿಯ, ಎಲ್ಲರ ವಾರ್ತೆಯಣ್ಣ, ರೇಗಿಸತೊಡಗಿದ.

ಅಷ್ಟರಲ್ಲಿ ಅವಳ ಅಕ್ಕನ ಹೆರಿಗೆ ಹತ್ತಿರ ಬಂತು. ಮ್ಯಾನೇಜರು ರಜೆ ಕೊಡಲೊಲ್ಲರು.

"ನಿಮ್ಮ ಮಾತನ್ನ ಮೊದಲೇ ರೆಕಾರ್ಡ್ ಮಾಡಿಡೋಣ. ನೀವು ನೆಮ್ಮದಿಯಾಗಿ ಹೋಗಿಬನ್ನಿ," ಎಂದ ವೈರಪ್ಪ. ಅವಳು ಗಂಟಲು ಒಣಗುವಷ್ಟು ಮಾತಾಡಿಟ್ಟು ಹೋದಳು.

ಅಕ್ಕನ ಮಗುವನ್ನು ಎತ್ತಿ ಆಡಿಸಿ ವಾಪಸಾದ ದಿನವೇ ಮ್ಯಾನೇಜರು ಎಲ್ಲರನ್ನೂ ಕರೆಸಿದರು. ಸ್ಟುಡಿಯೋದೊಳಗೆ ಎಂದೂ ಕಾಲಿಡದ ಮನುಷ್ಯ, ಫೋನಿನಿಂದ ತಲೆ ಎತ್ತದೆಯೇ ಹೇಳಿದರು:

"ಮೇಲಿನವರ ತೀರ್ಮಾನ. ಇನ್ಮೇಲೆ ಕಂಪ್ಯೂಟರೇ ಎಲ್ಲ ನಡೆಸುತ್ತೆ. ನಾಳೆಯಿಂದ ಎಂಜಿನಿಯರೊಬ್ಬರು ಬಿಟ್ರೆ ನೀವ್ಯಾರೂ ಬರೋದು ಬೇಡ."

"ವಾರ್ತೆ ಯಾರು ಓದ್ತಾರೆ ಸಾರ್?" ವಾರ್ತೆಯಣ್ಣನ ದನಿ ನಡುಗಿತು.

"ವಾರ್ತೆ ಯಾರಿಗೆ ಬೇಕ್ರೀ ಈಗ?"

"ಮತ್ತೆ... ನನ್ನ ಕಾರ್ಯಕ್ರಮ?"

"ನಿಮ್ಮ ದನಿ ಇದೆಯಲ್ಲಮ್ಮ! ಎಂಜಿನಿಯರು ಬೇಕಾದಷ್ಟು ರೆಕಾರ್ಡ್ ಮಾಡಿಟ್ಟಿದ್ದಾರೆ."

ಗುಬ್ಬಿ ತಿರುಗಿ ನೋಡಿದಳು. ಅವನ ಮುಖ ಬಿಳಿಚಿಕೊಂಡಿತ್ತು.

"ಗುಬ್ಬಿ, ನಿಜವಾಗ್ಲೂ ನಂಗೆ ಗೊತ್ತಿರ್ಲಿಲ್ಲ..."

"ಸಾಕು! ವೈರು ಹಿಡಿದು ಬಂದವರು ವೈರಿ ಆಗ್ತೀರ ಅಂತ ನಂಗೂ ಗೊತ್ತಿರ್ಲಿಲ್ಲ!"

ಮನೆಯಲ್ಲಿ ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬೆಳಗಾದರೆ ಪಕ್ಕದ ಮನೆಯ ರೇಡಿಯೋದಲ್ಲಿ ತಾನೇ ನಗುತ್ತಿರುತ್ತಾಳೆ!

"ನೀನು ಇಲ್ಲಿದ್ದೀಯ, ಅಲ್ಲಿ ಮಾತಾಡ್ತಿರೋದು ಯಾರೇ?" ಅಮ್ಮ ಕಕ್ಕಾಬಿಕ್ಕಿ.

ಅವನ ಫೋನ್ ಬಂದರೆ ಅವಳು ಎತ್ತಲಿಲ್ಲ. ಬರುವುದು ನಿಂತಾಗ, ಯಾಕೆ ನಿಂತಿತು ಎಂದು ಸಂಕಟಪಟ್ಟಳು. 'ಥೂ, ನನ್ನ ಮನಸ್ಸಿಗೇ ಮಾನ ಇಲ್ಲ!'

ಒಂದು ಬೆಳಿಗ್ಗೆ ಮೂಗಿಗೆ ಘಾಟು ಬಡಿಯಿತು. ಬೀದಿಯಲ್ಲಿ ಯಾರೋ ಕೂಗಿದರು: "ಐಸ್ ಫ್ಯಾಕ್ಟರೀಲಿ ಗ್ಯಾಸ್ ಸೋರ್ತಿದೆ! ಕಿಟಕಿ ಮುಚ್ಚಿ!"

ಅದೇ ಹೊತ್ತಿಗೆ ಪಕ್ಕದ ರೇಡಿಯೋದಲ್ಲಿ ಅವಳದೇ ದನಿ ನಲಿಯಿತು: "ಏಳಿ ಏಳಿ, ಕಿಟಕಿ ತೆಗೀರಿ! ತಂಗಾಳಿ ಒಳಗೆ ಬರಲಿ!"

ಅವಳು ತಟಕ್ಕನೆ ಎದ್ದಳು. 'ದೇವರೇ... ನನ್ನ ಮಾತು ನಂಬಿ ಎಷ್ಟು ಜನ ಕಿಟಕಿ ತೆಗೀತಾರೋ!'

"ಅಮ್ಮ, ಎಲ್ಲ ಮುಚ್ಕೊಂಡು ಒಳಗೇ ಇರು!" ಎಂದವಳೇ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿ ಓಡಿದಳು.

ರೇಡಿಯೋ ಕಚೇರಿಯ ಬಾಗಿಲಲ್ಲಿ ವೈರಪ್ಪ ಕಲ್ಲು ಹಿಡಿದು ಬೀಗ ಜಜ್ಜುತ್ತಿದ್ದ. ಕಾವಲುಗಾರ ಕೈಕೈ ಹಿಸುಕಿಕೊಳ್ಳುತ್ತಿದ್ದ.

"ಮ್ಯಾನೇಜರು ಫೋನೇ ಎತ್ತುತ್ತಿಲ್ಲಮ್ಮ, ಕೀ ಅವರ ಹತ್ರಾನೇ ಇದೆ! ಇವರ ಹತ್ರ ಇದ್ದ ಕೀ ಆವತ್ತೇ ಕಿತ್ಕೊಂಡ್ರು. ನಿಮ್ಮ ದನಿ ಅಳಿಸ್ಲೇಬೇಕು ಅಂತ ಜಗಳ ಆಡಿದ್ದಕ್ಕೆ ಇವರನ್ನೂ ಕೆಲಸದಿಂದ ತೆಗೆದುಬಿಟ್ರು."

ಗುಬ್ಬಿ ಅವನತ್ತ ತಿರುಗಿದಳು. ಅಷ್ಟರಲ್ಲಿ ಬೀಗ ಮುರಿಯಿತು. ಅವನು ಒಳಗೆ ನುಗ್ಗಿ ಕಂಪ್ಯೂಟರಿನ ವೈರು ಕಿತ್ತ. ನಗುವ ದನಿ ನಡುವಲ್ಲೇ ನಿಂತಿತು.

"ಮಾತಾಡಿ, ಗುಬ್ಬಿ!"

"ನಾನು ಗುಬ್ಬಿ... ಈಗ ಮಾತಾಡ್ತಿರೋದು ನಿಜವಾದ ನಾನು. ಕಿಟಕಿ ಮುಚ್ಚಿ! ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡಿ. ಪಕ್ಕದ ಮನೆಯವರಿಗೂ ಹೇಳಿ..."

ಸೋರಿಕೆ ನಿಂತಿತೆಂದು ಅಗ್ನಿಶಾಮಕದವರು ಹೇಳುವ ತನಕ ಅವಳು ಮಾತು ನಿಲ್ಲಿಸಲಿಲ್ಲ. ಕೆಲವರಿಗೆ ಕೆಮ್ಮು, ಕಣ್ಣುರಿ. ಜೀವಕ್ಕೇನೂ ಆಗಲಿಲ್ಲ.

ಮ್ಯಾನೇಜರು ಆಗ ಏದುಸಿರು ಬಿಡುತ್ತ ಬಂದರು. "ಭೇಷ್! ನಾಳೆಯಿಂದ ನೀನು ಕೆಲಸಕ್ಕೆ ಬಾಮ್ಮ."

"ವಾರ್ತೆಯಣ್ಣ ಬರಲಿ, ಇವರು ಬರಲಿ, ಎಲ್ಲರೂ ಬರಲಿ. ಆಮೇಲೆ ನಾನು."

"ಮೇಲಿನವರನ್ನ ಕೇಳ್ಬೇಕು..."

"ಕೇಳಿ ಸಾರ್. ಇವತ್ತು ಊರೆಲ್ಲ ಅವರನ್ನೇ ಪ್ರಶ್ನೆ ಕೇಳ್ತಿದೆ."

ಹೊರಗಿನ ಮೆಟ್ಟಿಲ ಮೇಲೆ ಇಬ್ಬರೂ ಕುಸಿದು ಕುಳಿತರು. ಅವನ ಅಂಗೈ ತರಚಿತ್ತು. ಅವಳು ಆ ಕೈಯನ್ನು ತನ್ನ ಮಡಿಲಿಗೆಳೆದುಕೊಂಡಳು.

"ಕೆಲಸ ಹೋಯ್ತು ಅಂತ ಯಾಕೆ ಹೇಳ್ಲಿಲ್ಲ?"

"ಫೋನ್ ಎತ್ತಿದ್ರೆ ತಾನೇ? ಆಮೇಲೆ... ರೆಕಾರ್ಡ್ ಮಾಡಿದ್ದು ನಾನೇ ಅಲ್ವಾ, ಯಾವ ಮುಖ ಇಟ್ಕೊಂಡು ಮಾತಾಡ್ಲಿ ಅನ್ನಿಸ್ತು."

"ನಿಮ್ಮ ಮೇಲೆ ಎಷ್ಟು ಕೋಪ ಇತ್ತು ಗೊತ್ತಾ? ಬೇಡದವರ ಮೇಲೆ ಅಷ್ಟು ಕೋಪ ಬರಲ್ಲ ಅಂತ ಈಗ ಗೊತ್ತಾಯ್ತು..." ಅವಳ ಕಣ್ಣು ತುಂಬಿತು.

"ಗುಬ್ಬಿ, ನಂಗೆ ಕೆಲಸ ಇಲ್ಲ. ಆದ್ರೂ ಕೇಳ್ತೀನಿ... ನಿಮ್ಮ ಮನೆಗೆ ಬಂದು ಅಮ್ಮನ ಹತ್ರ ಮಾತಾಡ್ಲಾ?"

"ಅಮ್ಮ ಎಲ್ಲ ಮುಚ್ಕೊಂಡು ಕೂತಿದ್ದಾರೆ. ನಾನು ಹೇಳದೆ ಯಾರಿಗೂ ಬಾಗಿಲು ತೆಗೆಯಲ್ಲ."

"ಹಾಗಾದ್ರೆ...?"

"ಅದಕ್ಕೇ ನನ್ನ ಜೊತೇಲೇ ಬನ್ನಿ."