ಅಡ್ಡಬಿಲ್ಲಿನ ಆರು ಬಾಣ

ನಂದಗಡದ ಕಟ್ಟಿಗೆ ವ್ಯಾಪಾರಿ ಗುರುಪುತ್ರಪ್ಪನ ಹೆಣ ಸಿಕ್ಕದ್ದು ಐತವಾರ ಮಧ್ಯಾಹ್ನ, ಖಾನಾಪುರದ ಆಚೆ, ಕಾಡಿನ ಹಳ್ಳದ ದಂಡೆಯಲ್ಲಿ. ಅಂಗಾತ ಬಿದ್ದಿದ್ದ. ಕೊರಳಲ್ಲಿ ಗೇಣುದ್ದದ ಉಕ್ಕಿನ ಚೂರು. ಬಾಜುವಿಗೇ ಮುರಿದ ಅಡ್ಡಬಿಲ್ಲು—ಬಂದೂಕಿನಂಥ ಹಿಡಿಯ ಮೇಲೆ ಜೀಪಿನ ಸ್ಪ್ರಿಂಗ್ ಪಟ್ಟಿಯನ್ನು ಅಡ್ಡ ಕೂಡಿಸಿ ಮಾಡಿದ್ದು. ಸರಕಾರ ಬೇಟೆ ನಿಲ್ಲಿಸಿ ಐದಾರು ವರ್ಷವಾಗಿತ್ತು; ಕದ್ದು ಆಡುವವರು ಆಡುತ್ತಲೇ ಇದ್ದರು. ಬಂದೂಕು ಹಾರಿಸಿದರೆ ಅರಣ್ಯದವರಿಗೆ ಕೇಳುತ್ತದೆ. ಬಿಲ್ಲಿಗೆ ಆ ಭಯವಿಲ್ಲ.

ವರ್ದಿ ತಂದವನು ಪಾರಿಶ್ವಾಡದ ಬಾಳಪ್ಪ, ಸತ್ತವನ ಇಪ್ಪತ್ತು ವರ್ಷದ ಬೇಟೆಯ ಜೊತೆಗಾರ. ಸಾವ್ಕಾರರು ಹಂದಿಗೆ ಗುರಿಯಿಟ್ಟರು, ಹೆದೆ ಬಿಟ್ಟರು, ಬಿಲ್ಲು ಸಿಡಿಯಿತು—ಅಷ್ಟೇ ಹೇಳಿದ.

ಫೌಜದಾರ ಈರಣ್ಣನಿಗೆ ಅದು ಸರಳವಾಗಿಯೇ ಕಂಡಿತು. ಬಿಲ್ಲು ಮಾಡಿದವನು ಬೆಳಗಾವಿಯ ಕಮ್ಮಾರ ಬುರಾನುದ್ದೀನ. ಹಾಳು ಕಬ್ಬಿಣ ಹಾಕಿ ನನ್ನ ಗಂಡನ ಜೀವ ತೆಗೆದ ಎಂದು ಸಾವಂತ್ರವ್ವ ಫಿರ್ಯಾದು ಕೊಟ್ಟಳು. ಈರಣ್ಣ ಬತ್ತಳಿಕೆಯ ಬಾಣಗಳನ್ನು ದೂರದಿಂದ ತೋರಿಸಿ, ಈ ಮೊನೆಗಳು ನಿನ್ನವೇ ಎಂದು ಕೇಳಿದ. ಅಂಗೈ ಅಗಲದ, ಕೂದಲು ಸೀಳುವ ಅಲಗಿನ ಮೊನೆಗಳು. ಹೌದು, ನನ್ನವೇ ಅಂದ ಬುರಾನುದ್ದೀನ. ಆ ಒಂದು ಮಾತಿಗೆ ಅವನು ಲಾಕಪ್ಪು ಸೇರಿದ. ಅವನ ಹೆಂಡತಿ ಬಿಲ್ಕೀಸ ಮೂರು ದಿನದಿಂದ ಠಾಣೆಯ ಮುಂದಿನ ಬೇವಿನ ಕಟ್ಟೆ ಬಿಟ್ಟು ಎದ್ದಿರಲಿಲ್ಲ.

ಮೂರನೆಯ ದಿನ ಪಂಚನಾಮೆಯ ಸಾಮಾನು ಕಟ್ಟಿಡುವಾಗ ಈರಣ್ಣ ಒಂದು ಬಾಣವನ್ನು ಕೈಯಲ್ಲಿ ಹಿಡಿದ. ಅಷ್ಟು ದೊಡ್ಡ ಮೊನೆಗೆ ಕೈ ಭಾರವಾಗಬೇಕಿತ್ತು. ಆಗಲಿಲ್ಲ. ತಿರುಗಿಸಿ ಬಾಲ ನೋಡಿದ. ಅಲ್ಲಿ ಮೇಣ ಹಚ್ಚಿದ ದಾರವನ್ನು ಸುತ್ತಿ ಸುತ್ತಿ ದಪ್ಪ ಮಾಡಿದ್ದರು. ಆರೂ ಬಾಣಕ್ಕೂ ಹಾಗೇ.

ಬಾಣ ತಗೊಂಡು ನೇರ ಲಾಕಪ್ಪಿಗೆ ಹೋದ.

"ಈ ದಾರ ಯಾಕ ಸುತ್ತಿದಿ?"

ಬುರಾನುದ್ದೀನ ಬಾಣ ಕೈಗೆ ತಗೊಂಡವನೇ ತೂಗಿ ನೋಡಿದ. ಮುಖ ಬದಲಾಯಿತು. "ಸಾಹೇಬ್ರ, ಮೊನಿ ನಂದs. ಈ ಕಡ್ಡಿ ನಂದಲ್ರಿ. ಇದು ಪೊಳ್ಳ ಬಿದರು. ನಾ ಕೊಟ್ಟಿದ್ದು ಮತ್ತಿ ಕಟ್ಟಿಗಿದು, ಹೆಬ್ಬಟ್ಟಿನಷ್ಟು ದಪ್ಪ."

"ಬಿದರಾದ್ರ ಏನಾಗ್ತದ?"

"ಬಿಲ್ಲಿನ ಶಕ್ತಿ ಬಾಣ ಹೊತ್ಕೊಂಡು ಹೋಗಬೇಕ್ರಿ. ಬಾಣ ಹಗುರಾತಂದ್ರ ಆ ಶಕ್ತಿ ಹೊಳ್ಳಿ ಪಟ್ಟಿಗೇ ಬಡೀತದ. ಇಂದಿಲ್ಲ ನಾಳಿ ಸಿಡೀತದ. ಇದನ್ನ ನಾ ಕೈ ಮುಗದು ಹೇಳೀನ್ರಿ."

"ಯಾರಿಗೆ ಹೇಳಿದಿ? ಸಾವ್ಕಾರಗ?"

"ಇಲ್ರಿ. ಬಿಲ್ಲು ಒಯ್ಯಾಕ ಬಂದಾಂವ ಬಾಳಪ್ಪ ಒಬ್ಬನs."

ಈರಣ್ಣ ಬಾಣವನ್ನು ವಾಪಸು ತಗೊಂಡ. ಆದರೆ ಇಪ್ಪತ್ತು ವರ್ಷದ ಗೆಳೆಯ—ಯಾಕೆ? ಇಬ್ಬರೂ ಕೂಡಿ ನಿನ್ನ ಅಂಗಡಿಗೆ ಎಂದಾದರೂ ಬಂದಿದ್ದರೇ ಎಂದು ಕೇಳಿದ. ಬಂದಿದ್ದರಂತೆ, ಬಿಲ್ಲು ಒಯ್ಯುವುದಕ್ಕೂ ಒಂದು ವಾರ ಮೊದಲು, ಮೊನೆ ಆರಿಸಲಿಕ್ಕೆ. ಬುರಾನುದ್ದೀನ ಮೂರು ನಮೂನೆ ತೋರಿಸಿದ್ದ. ಬಾಳಪ್ಪ ಸಣ್ಣದು ಸಾಕು ಅಂದಿದ್ದ. ಗುರುಪುತ್ರಪ್ಪ ಅಗಲ ಅಲಗಿನದೇ ಬೇಕೆಂದು ಹಟ ಹಿಡಿದಿದ್ದ: ಇದಾದರೆ ರಕ್ತ ಹರಿದು ಜೀವ ಲಗೂನೆ ಹೋಗುತ್ತದೆ. ಗುಂಡು ಹಾಗಲ್ಲ, ಆವತ್ತು ಸೀಗಿ ಪೊದಿಯೊಳಗೆ ಒಂದು ತಾಸು ನರಳುವುದನ್ನು ನಾನೇ ಕೇಳಿದೀನಿ.

"ಹಂಗಂದವರು ಲಗೂನ ಮಾತು ಹೊರಳಿಸಿದ್ರು. ಬಾಳಪ್ಪ ನೀರು ಕೇಳಿದ. ಕೊಟ್ಟೆ. ಕುಡೀಲಿಲ್ರಿ."

ಈರಣ್ಣ ಹಳೆಯ ಕಾಗದ ತೆಗೆಸಿದ. ಎರಡು ವರ್ಷದ ಹಿಂದೆ ಅದೇ ಕಾಡಿನಲ್ಲಿ ಸೀಗೆಕಾಯಿ ಕೀಳಲು ಹೋದ ಒಬ್ಬ ಹೆಣ್ಣುಮಗಳು ಸತ್ತಿದ್ದಳು. ಕಾಡುಹಂದಿ ಹೊಟ್ಟೆ ಸೀಳಿತೆಂದು ಬರೆದಿತ್ತು. ಹೆಣ ಮೊದಲು ಕಂಡವನು, ಹಂದಿ ಓಡಿದ್ದನ್ನು ನೋಡಿದೆನೆಂದು ಸಾಕ್ಷಿ ಹೇಳಿದವನು, ಗುರುಪುತ್ರಪ್ಪ. ಸತ್ತವಳು ಮಾಯಕ್ಕ. ಗಂಡನ ಹೆಸರು ಬಾಳಪ್ಪ.

ಅದೇ ಸಂಜೆ ಈರಣ್ಣ ಪಾರಿಶ್ವಾಡಕ್ಕೆ ಹೋದ. ಬಾಳಪ್ಪ ಪಡಸಾಲೆಯಲ್ಲಿ ಕೂತಿದ್ದ. ಕುಂದರ್ರಿ ಎಂದು ಕಂಬಳಿ ಹಾಸಿದ. ಈರಣ್ಣ ಬಾಣವನ್ನು ಇಬ್ಬರ ನಡುವೆ ಇಟ್ಟ.

"ನಾವೆಲ್ಲ ಮೊನಿ ನೋಡಿದ್ವಿ, ಬಾಲ ನೋಡಲಿಲ್ಲ. ಬುರಾನುದ್ದೀನ ಬಿಲ್ಲಿನ ತೋಡು ಕೊರದದ್ದು ತನ್ನ ದಪ್ಪ ಬಾಣಕ್ಕ. ತಾನs ಮಾಡಿದ ಬಾಣ ತನ್ನ ತೋಡಿನ್ಯಾಗ ಕೂಡಬೇಕಂದ್ರ ದಾರ ಯಾಕ ಸುತ್ತಾನ? ಬ್ಯಾರೆಯವರು ಬಿದರು ತಂದಾರ. ಅದು ಸಡಲಾತು, ಅದಕ್ಕ ಸುತ್ಯಾರ. ಮೊನಿ ಕಿತ್ತು ಬಿದರಿಗೆ ಹಾಕಿದ್ರ ಸಾವ್ಕಾರಗ ತಿಳಿಯೂದಿಲ್ಲ, ತಾ ಆರಿಸಿದ ಮೊನಿ ಐತಿ. ಬಿಲ್ಲು, ಬಾಣ ಬೆಳಗಾವಿಯಿಂದ ತಂದಾಂವ ನೀನೊಬ್ಬನs. ಹಗುರ ಬಾಣ ಜೀವಕ್ಕ ಅಪಾಯಂತ ಗೊತ್ತಿದ್ದಾಂವನೂ ನೀನೊಬ್ಬನs. ಗುರುಪುತ್ರಪ್ಪನ್ನ ಕೊಂದಾಂವ ನೀ, ಬಾಳಪ್ಪಾ."

ಬಾಳಪ್ಪ ಎದ್ದು ಅಟ್ಟದ ಮೇಲಿಂದ ಒಂದು ಗಂಟು ಇಳಿಸಿದ. ಒಳಗೆ ಆರು ಮತ್ತಿ ಕಟ್ಟಿಗೆಯ ಕಡ್ಡಿಗಳು, ಮೊನೆಯಿಲ್ಲದವು. ಒಲೆಗೆ ಹಾಕಬಹುದಿತ್ತಲ್ಲ ಎಂದು ಈರಣ್ಣ ಕೇಳಿದ್ದಕ್ಕೆ, ಒಂದೊಂದು ವಾರ ಇವನ್ನೇ ಒಯ್ಯೋಣ ಅನಿಸುತ್ತಿತ್ತು ಎಂದ. ಹೆಂಡತಿಗೆ ಬಿದ್ದದ್ದು ಸಾವ್ಕಾರರ ಗುಂಡೆಂದು, ಅವಳು ಒಂದು ತಾಸು ನರಳಿದಳೆಂದು, ಕಮ್ಮಾರನ ಅಂಗಡಿಯ ಆ ಮಾತಿನವರೆಗೆ ತನಗೆ ಗೊತ್ತಿರಲಿಲ್ಲ. ತಾನು ಅದೇ ಕಾಡಿನಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ ಹಂದಿ ಎಬ್ಬಿಸುತ್ತಿದ್ದ. ಸಾವ್ಕಾರರು ಒಮ್ಮೆಯೂ ಕೂಗಿ ಕರೆಯಲಿಲ್ಲ. ಅದನ್ನು ಹೇಳುತ್ತ ಗಂಟನ್ನು ಮತ್ತೆ ಕಟ್ಟಿ ಈರಣ್ಣನ ಮುಂದೆ ಇಟ್ಟ.

ಬುರಾನುದ್ದೀನನನ್ನು ಇವತ್ತೇ ಬಿಡುತ್ತೇನೆಂದು ಈರಣ್ಣ ಹೇಳಿದ. ಛಲೋ ಆತು ಎಂದು ಬಾಳಪ್ಪ ತಲೆಯಾಡಿಸಿದ. ಬಾಗಿಲು ಎಳೆದು ಕೊಂಡಿ ಹಾಕಿದ. ಜೀಪಿನ ಹತ್ತಿರ ಬಂದು ನಿಂತವನು ತಾನಾಗಿಯೇ ಮಾತು ತೆಗೆದ.

"ನಾಕು ಐತವಾರ ಸಿಡೀಲಿಲ್ರಿ. ನಾ ದೂರ ನಿಂತು ನೋಡತಿದ್ದೆ. ಐದನೇ ಐತವಾರ ಸಾವ್ಕಾರ್ರು ಬಿಲ್ಲು ನನ್ನ ಕೈಗೆ ಕೊಟ್ರು. ನೀ ಒಮ್ಮೆನೂ ಹೊಡದಿಲ್ಲ ಬಾಳಪ್ಪಾ, ಇವತ್ತ ನೀ ಹೊಡಿ ಅಂದ್ರು."

"ಏನ್ ಮಾಡಿದಿ?"

"ಹಿಡ್ಕೊಂಡು ನಿಂತೆ. ಭಾಳ ಹೊತ್ತು ನಿಂತೆ. ಆಮ್ಯಾಲ, ನೀವs ಹೊಡೀರಿ ಅಂತ ಹೊಳ್ಳಿ ಕೊಟ್ಟೆ."