ಬೆಸೆಯದ ತಂತಿ

ಎಲೆಕ್ಟ್ರಿಷಿಯನ್ನನ ತಲೆಗೆ ಮೂರು ಏಟು ಬಿದ್ದಿದ್ದವು. ಮೊದಲನೆಯದಕ್ಕೇ ಪ್ರಾಣ ಹೋಗಿತ್ತು, ಉಳಿದೆರಡು ಕೊಂದವನು ಬರೀ ಹೆದರಿ ಹೊಡೆದದ್ದು ಎಂದು ಡಾಕ್ಟರು ಹೇಳಿದ್ದರು. ವರ್ಕ್‌ಶಾಪಿನ ನೆಲದಲ್ಲಿ ರಕ್ತವೂ ಎಣ್ಣೆಯೂ ಬೆರೆತು ಹೆಪ್ಪುಗಟ್ಟಿತ್ತು. ಮೂವತ್ತು ವರ್ಷ ನುಜ್ಜುಗುಜ್ಜಾದ ಕಾರುಗಳನ್ನೇ ನೋಡಿ ನಿವೃತ್ತರಾದ ವಿಮೆಯ ಸರ್ವೇಯರಮ್ಮ ಆ ಕಲೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಅವರ ಡ್ರೈವರ್ ಮಾತ್ರ ಬಾಗಿಲು ದಾಟಲಿಲ್ಲ. ಅಮ್ಮನ ಹಿಂದೆ ಸುತ್ತಿ ಎಷ್ಟೋ ಹೆಣ ನೋಡಿದ್ದರೂ ರಕ್ತ ಕಂಡರೆ ಅವನಿಗೆ ಇವತ್ತಿಗೂ ಆಗುತ್ತಿರಲಿಲ್ಲ.

"ನನ್ನ ಮೈದುನ ಈ ಕೆಲಸ ಮಾಡಿಲ್ಲಮ್ಮಾ," ಎಂದಳು ಸತ್ತವನ ಹೆಂಡತಿ. "ಬೆಳಿಗ್ಗೆ ಅಣ್ಣ ತಮ್ಮ ಜಗಳ ಆಡಿದ್ದು ನಿಜ. ಬೇರೆ ಕಡೆ ಕೆಲಸಕ್ಕೆ ಹೋಗ್ತೀನಿ ಅಂದ, ಇವರು ಬೈದ್ರು. ಒಂದು ಗಂಟೆಗೆ ಊಟ ತಂದೋನು ಸತ್ತು ಬಿದ್ದಿದ್ದ ಅಣ್ಣನ್ನ ತಬ್ಕೊಂಡು ಕೂಗಾಡಿದಾನೆ. ಅಂಗಿಯೆಲ್ಲಾ ರಕ್ತ. ಪೊಲೀಸರಿಗೆ ಅಷ್ಟೇ ಸಾಕಾಯ್ತು. ಎರಡು ದಿನದಿಂದ ಹೊಡೀತಿದ್ದಾರೆ. ಇನ್ನೊಂದು ದಿನ ಹೊಡೆದ್ರೆ ಅವನೂ ಉಳಿಯಲ್ಲ."

"ಅವತ್ತು ಇಲ್ಲಿ ಏನು ಕೆಲಸ ಇತ್ತಮ್ಮಾ?"

"ಹಳೇ ಕಾರಿನ ದಲ್ಲಾಳಿ ಒಂದು ಕಾರು ತಂದಿದ್ದ. ಅದಕ್ಕೆ ಯಾರೋ ಆಮೇಲೆ ಹಾಕಿಸಿದ ಅಲಾರಂ ಇತ್ತು. ಹೊತ್ತುಗೊತ್ತಿಲ್ಲದೆ ಕಿರುಚ್ತಿತ್ತು, ಬಿಚ್ಚಿ ಕೊಡಿ ಅಂದ. ಹನ್ನೆರಡಕ್ಕೆ ಕೆಲಸ ಮುಗೀತು, ಇವರೇ ನಗ್ತಾ ಕೀ ಕೊಟ್ರು ಅಂತ ಸಾಕ್ಷಿ ಹೇಳಿದಾನೆ."

ಸರ್ವೇಯರಮ್ಮ ಮೇಜಿನತ್ತ ನೋಡಿದರು. ಬೆಸುಗೆ ಕಡ್ಡಿಯ ವೈರು ಸುತ್ತಿಟ್ಟಂತೆಯೇ ಇತ್ತು. ಬೆಸುಗೆ ತಂತಿಯ ಹೊಸ ಸುರುಳಿಯ ಹೊದಿಕೆ ಹರಿದೇ ಇರಲಿಲ್ಲ.

"ಹಳೇ ಸುರುಳಿ?"

"ಹಿಂದಿನ ದಿನವೇ ಮುಗಿದಿತ್ತು. ಬೆಸುಗೆ ಹಾಕಿ ಮೇಲೆ ಕೆಂಪು ಪ್ಲಾಸ್ಟಿಕ್ ಕೊಳವೆ, ಅದೇ ಸ್ಲೀವ್, ಹಾಕದೆ ಒಂದು ತಂತೀನೂ ಬಿಡ್ತಿರ್ಲಿಲ್ಲ ಅವರು. ಟೇಪ್ ಸುತ್ತೋನು ಎಲೆಕ್ಟ್ರಿಷಿಯನ್ ಅಲ್ಲ, ಗಾಯಕ್ಕೆ ಪಟ್ಟಿ ಕಟ್ಟೋನು ಅಂತಿದ್ರು." ಅಷ್ಟು ಹೇಳಿ ಅವಳು ಅತ್ತಳು.

ಸಂಜೆ ಕಾರು ಕೊಳ್ಳುವ ನೆಪದಲ್ಲಿ ಇಬ್ಬರೂ ದಲ್ಲಾಳಿಯ ಅಂಗಳಕ್ಕೆ ಹೋದರು. ಅಮ್ಮ ಅವನನ್ನು ಮಾತಿಗೆ ಹಿಡಿದಾಗ ಡ್ರೈವರ್ ಸ್ಟೇರಿಂಗ್ ಕೆಳಗೆ ತಲೆ ತೂರಿಸಿದ. ಅಲ್ಲಿ ಎಣ್ಣೆಜಿಡ್ಡು ಹಿಡಿದ ಹಳೆಯ ಕೆಂಪು ಸ್ಲೀವುಗಳಿದ್ದವು. ಸ್ಟಾರ್ಟರ್ ತಂತಿಯನ್ನು ಮಾತ್ರ ತಿರುಚಿ ಕಪ್ಪು ಟೇಪು ಸುತ್ತಿದ್ದರು. ಬಂದು ಹೇಳಿದಾಗ ಅಮ್ಮ ಕಾರಿನ ಚಾಸಿ ನಂಬರ್ ಬರೆದುಕೊಂಡರು. ಅವರು ಹಾಗೆ ನಂಬರ್ ಬರೆದುಕೊಂಡರೆ ಯಾರಿಗೋ ಗ್ರಹಚಾರ ಕಾದಿದೆ ಎಂದು ಅವನಿಗೆ ಗೊತ್ತಿತ್ತು.

ಮರುದಿನ ಠಾಣೆಯ ಅಂಗಳದಲ್ಲಿ ಎಲ್ಲರೂ ಸೇರಿದರು. ಸಾಕ್ಷಿಗೆ ಸಹಿ ಹಾಕಲು ಕರೆಸಿದ್ದ ದಲ್ಲಾಳಿ ಅದೇ ಕಾರಿನಲ್ಲಿ ಬಂದಿದ್ದ. ಮೈದುನನನ್ನು ಇಬ್ಬರು ಪೇದೆಗಳು ಹಿಡಿದು ನಿಲ್ಲಿಸಿದ್ದರು. ಅವನ ಒಂದು ಕಣ್ಣು ಮುಚ್ಚಿಹೋಗಿತ್ತು.

"ತಪ್ಪು ಒಪ್ಕೊಂಡಿದಾನೆ ಮೇಡಂ," ಎಂದ ಇನ್ಸ್‌ಪೆಕ್ಟರ್.

"ಹಾಗೆ ಹೊಡೆದರೆ ನೀವೂ ಒಪ್ಕೋತೀರಿ," ಎಂದರು ಸರ್ವೇಯರಮ್ಮ. "ಈ ಥರದ ಅಲಾರಂ ಹಾಕುವಾಗ ಸ್ಟಾರ್ಟರ್ ತಂತಿ ಕತ್ತರಿಸಿ ಮಧ್ಯೆ ಕೂರಿಸ್ತಾರೆ. ಬಿಚ್ಚಿದ ಮೇಲೆ ಎರಡು ತುದಿ ಸೇರಿಸದಿದ್ದರೆ ಕಾರು ಬರೀ ಕಬ್ಬಿಣ. ಸತ್ತವನು ಬೆಸುಗೆ ಇಲ್ಲದೆ ತಂತಿ ಬಿಡ್ತಿರಲಿಲ್ಲ. ಆದರೆ ಅವತ್ತು ಬೆಸುಗೆ ಸುರುಳಿ ಒಡೆದೇ ಇಲ್ಲ. ಅಂದ ಮೇಲೆ ಕೆಲಸ ಮುಗಿಸಿದ್ದು ಅವನಲ್ಲ. ಅಲ್ಲಿಂದ ಕಾರು ಓಡಿಸ್ಕೊಂಡು ಹೋಗಬೇಕಾಗಿದ್ದವನು."

"ಟೇಪ್ ಯಾರು ಬೇಕಾದ್ರೂ ಸುತ್ತಬಹುದು," ಎಂದ ದಲ್ಲಾಳಿ.

"ಒಳಗಿನ ಹಳೇ ಬೆಸುಗೆಗಳೆಲ್ಲ ಸತ್ತವನ ಕೈವೇ. ಈ ಅಲಾರಂ ಹಿಂದೆ ಹಾಕಿದ್ದೂ ಅವನೇ. ಊರಲ್ಲಿ ಅಷ್ಟು ಅಂಗಡಿ ಇದ್ದರೂ ಗೊತ್ತಿಲ್ಲದೆ ಅವನ ಹತ್ತಿರವೇ ತಂದ್ಯಲ್ಲಪ್ಪಾ! ನೀನು ಕಾರಿಗೆ ಬೇರೆ ಬಣ್ಣ ಬಳಿಸಿದ್ರೂ ತನ್ನ ಕೆಲಸ ಅವನಿಗೆ ಗುರುತು ಸಿಕ್ತು. ನಿನ್ನೆ ವಿಮೆ ಆಫೀಸಿನವರ ಹತ್ತಿರ ಚಾಸಿ ನಂಬರ್ ವಿಚಾರಿಸಿದೆ. ಹೋದ ವರ್ಷ ಕೊಂದು ಕಾಲುವೆಗೆ ಎಸೆದರಲ್ಲ ಒಬ್ಬ ನರ್ಸನ್ನ, ಅವಳ ಕಾರು ಇದು. ಯಾರ ಕಾರು ಅಂತ ಅವನು ಕೇಳಿರಬೇಕು, ನೀನು ಕೈಗೆ ಸಿಕ್ಕ ಕಬ್ಬಿಣ ಎತ್ತಿ ಹೊಡೆದೆ."

ಅವರು ಕಾರಿನೊಳಗೆ ಬಗ್ಗಿದರು. ಇನ್ಸ್‌ಪೆಕ್ಟರ್ ನೋಡುತ್ತಿದ್ದಂತೆಯೇ ಕಪ್ಪು ಟೇಪನ್ನು ಇಕ್ಕಳದಿಂದ ಹಿಡಿದು ಮೆಲ್ಲಗೆ ಬಿಡಿಸಿದರು. ಹೊರಗೆ ಚೊಕ್ಕಟವಾಗಿ ಒರೆಸಿದ್ದರು. ಒಳಸುತ್ತಿನಲ್ಲಿ ರಕ್ತ ಒಣಗಿ ಕಂದಾಗಿತ್ತು, ಅಂಟಿನಲ್ಲಿ ಒಂದು ಹೆಬ್ಬೆರಳು ಅಚ್ಚೊತ್ತಿತ್ತು.

"ಹನ್ನೆರಡಕ್ಕೆ ನಗ್ತಾ ಕೀ ಕೊಟ್ಟವನ ರಕ್ತ ಈ ಟೇಪಿನೊಳಗೆ ಹೇಗೆ ಬಂತು?"

ದಲ್ಲಾಳಿ ಸೀಟಿನ ಕೆಳಗಿಂದ ಜಾಕ್ ರಾಡ್ ಸೆಳೆದು ಅಮ್ಮನ ತಲೆಗೆ ಬೀಸಲು ಕೈ ಎತ್ತಿದ. ಡ್ರೈವರ್ ಮುನ್ನುಗ್ಗಿದ. ಆ ತೋಳನ್ನು ಎಳೆದು ಬಾಗಿಲಿನ ಸಂದಿಗೆ ಸೇರಿಸಿ ಮೈಭಾರವೆಲ್ಲ ಹಾಕಿ ಬಾಗಿಲು ದೂಡಿದ. ಮೂಳೆ ಲಟಕ್ಕೆಂದಿತು. ದಲ್ಲಾಳಿ ಅರಚಿದ, ಡ್ರೈವರ್ ಮತ್ತೊಮ್ಮೆ ದೂಡಿದ. ಸಾಕು ಎಂದು ಅಮ್ಮ ಹೇಳಿದ ಮೇಲೆಯೇ ಬಿಟ್ಟ.

ದಲ್ಲಾಳಿಯನ್ನು ಎಳೆದೊಯ್ದ ಮೇಲೆ ಇನ್ಸ್‌ಪೆಕ್ಟರ್ ಮೈದುನನತ್ತ ತಿರುಗಿದ. "ಹೋಗಪ್ಪಾ ಮನೆಗೆ. ಏನೋ ತಪ್ಪು ತಿಳುವಳಿಕೆ ಆಯ್ತು."

ಅತ್ತಿಗೆ ಮೈದುನನ ಬಲಗೈ ಎತ್ತಿ ಕಾರಿನ ಬಾನೆಟ್ಟಿನ ಮೇಲಿಟ್ಟಳು. ಮೂರು ಬೆರಳು ಮುರಿದು ವಾರೆಯಾಗಿದ್ದವು.

"ಇವನ ಅಣ್ಣ ಕೆಲಸ ಕಲಿಸಿದ ಕೈ ಇದು. ಇದಕ್ಕೆ ಬೆಸುಗೆ ಯಾರು ಹಾಕ್ತಾರೆ ಸ್ವಾಮಿ?"

ಇನ್ಸ್‌ಪೆಕ್ಟರ್ ಒಳಗೆ ಹೊರಟ. ಸರ್ವೇಯರಮ್ಮ ಅವನ ಕೈಗೆ ಪೆನ್ನು ಕೊಟ್ಟರು.

"ಇದನ್ನೂ ದೂರು ಅಂತ ಬರ್ಕೊಳ್ಳಿ," ಎಂದರು. "ಮುರಿದದ್ದು ಯಾರು ಅಂತ ನಾನು ಪತ್ತೆ ಮಾಡಬೇಕಾಗಿಲ್ಲವಲ್ಲ."